ಮುಟ್ಟುವ ಕೈ, ಮುಟ್ಟದ ಕೈ: ಸೂಲಗಿತ್ತಿ, ಆಸ್ಪತ್ರೆ ಮತ್ತು ನಮ್ಮ ಹೆಂಗಸರು

ಹೆರಿಗೆ ಮನೆಯಲ್ಲೋ ಆಸ್ಪತ್ರೆಯಲ್ಲೋ ಎಂಬ ಚರ್ಚೆ ಪೇಟೆಯ ಓದುಬಲ್ಲವರ ನಡುವೆ ಮತ್ತೆ ಶುರುವಾಗಿದೆ. ಒಂದು ಕಡೆಯವರು ಮನೆ ಅಂತಾರೆ. ಅಲ್ಲಿ ಪರಂಪರೆ ಇದೆ, ಅಜ್ಜಿಯ ಕೈಗುಣ ಇದೆ, ಸಹಜತೆ ಇದೆ ಅಂತಾರೆ. ಇನ್ನೊಂದು ಕಡೆಯವರು ಆಸ್ಪತ್ರೆ ಅಂತಾರೆ. ಅಲ್ಲಿ ವಿಜ್ಞಾನ ಇದೆ, ಶುಚಿ ಇದೆ, ರಕ್ತದ ಬಾಟಲಿ ಇದೆ ಅಂತಾರೆ. ಇಬ್ಬರ ಬಾಯಲ್ಲೂ ಬರುವ ಮಾತು ಒಂದೇ: 'ಆಯ್ಕೆ'. ಹೆರುವವಳು ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಿ ಎಂಬುದು ಕೇಳುವುದಕ್ಕೆ ಬಹಳ ಚಂದ. ಆದರೆ ಆರಿಸಿಕೊಳ್ಳಬೇಕಾದರೆ ಎರಡು ಬಾಗಿಲು ಬೇಕು, ಎರಡೂ ತೆರೆದಿರಬೇಕು. ಹೊಲಗೇರಿಯಲ್ಲಿ, ಮಾದಿಗರ ಹಟ್ಟಿಯಲ್ಲಿ, ಲಂಬಾಣಿ ತಾಂಡಾದಲ್ಲಿ, ಇಟ್ಟಿಗೆ ಗೂಡಿನ ಶೆಡ್ಡಿನಲ್ಲಿ ದಿನ ತುಂಬಿ ಕೂತ ಹೆಂಗಸಿಗೆ ಯಾರು ಯಾವ ಬಾಗಿಲು ತೆರೆದಿಟ್ಟಿದ್ದಾರೆ ಎಂದು ಕೇಳದೆ ಆಯ್ಕೆಯ ಮಾತಾಡುವುದು, ಉಂಡವರು ಹಸಿದವರ ಮುಂದೆ ರುಚಿಯ ಮಾತಾಡಿದ ಹಾಗೆ.

ಆದ್ದರಿಂದ ಈ ಪ್ರಶ್ನೆಯನ್ನು ನಾವು ಬೇರೆ ತುದಿಯಿಂದ ಹಿಡಿಯುತ್ತೇವೆ. ಹೆರಿಗೆ ಎಲ್ಲಾಗಬೇಕು ಎಂದು ತೀರ್ಪು ಕೊಡುವ ಮೊದಲು, ಹೆರುವವಳನ್ನು ಮುಟ್ಟುವ ಕೈ ಯಾರದು, ಮುಟ್ಟಲು ಹಿಂಜರಿಯುವ ಕೈ ಯಾರದು ಎಂದು ಕೇಳೋಣ.

*

ಇದಕ್ಕೆ ಮೊದಲ ಸಾಕ್ಷಿ ನಮ್ಮ ಭಾಷೆಯೇ. ಕನ್ನಡದಲ್ಲಿ ಮುಟ್ಟು ಎಂದರೆ ಕೈ ತಾಗಿಸುವುದು. ಮುಟ್ಟು ಎಂದರೆ ಹೆಂಗಸಿನ ತಿಂಗಳ ರಕ್ತ. ತಿಂಗಳ ದಿನಗಳಲ್ಲಿ ಅವಳು 'ಹೊರಗೆ'. ಕೇರಿಯೂ ಊರ 'ಹೊರಗೆ'. ಹೊಲೆ ಎಂದರೆ ಹೆಣ್ಣಿನ ಮೈಲಿಗೆ, ಹೆರಿಗೆಯ ಮೈಲಿಗೆ. ಅದೇ ಮಾತು ಒಂದಿಡೀ ಜನಾಂಗದ ಹೆಸರಿಗೆ ಅಂಟಿಕೊಂಡಿದೆ. ಹೆಣ್ಣಿನ ರಕ್ತಕ್ಕೂ ಅಸ್ಪೃಶ್ಯನ ಮೈಗೂ ಒಂದೇ ಕಟ್ಟು ಹಾಕಿದ ವ್ಯವಸ್ಥೆ ತನ್ನ ಗುಟ್ಟನ್ನು ನಿಘಂಟಿನಲ್ಲೇ ಬಿಟ್ಟುಕೊಟ್ಟಿದೆ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದಾಗ ಜನನಸೂತಕ, ಜಾತಿಸೂತಕ, ರಜಸ್ಸೂತಕಗಳನ್ನು ಒಂದೇ ಸಾಲಿನಲ್ಲಿ ಇಟ್ಟದ್ದು ಆಕಸ್ಮಿಕವಲ್ಲ. ಬೇರು ಒಂದೇ ಎಂಬುದು ಅವರಿಗೆ ಗೊತ್ತಿತ್ತು. ಎಂಟುನೂರು ವರ್ಷ ಕಳೆದ ಮೇಲೂ ಪುರುಡು ಕಳೆಯುವ ನೀರು ಊರಲ್ಲಿ ಕಾಯುತ್ತಲೇ ಇದೆ.

ಈ ಮೈಲಿಗೆಯ ಕೆಲಸಕ್ಕೆ ಯಾರನ್ನು ಕರೆದರು? ಎಷ್ಟೋ ಊರುಗಳಲ್ಲಿ ಸೂಲಗಿತ್ತಿಯಾದವಳು ದಲಿತ ಹೆಂಗಸು, ಇಲ್ಲ ಕ್ಷೌರಿಕರ ಮನೆಯವಳು, ಇಲ್ಲ ಅಲೆಮಾರಿ ಹಟ್ಟಿಯವಳು. ಹಗಲು ಹೊತ್ತು ಜಗಲಿ ಹತ್ತಬಾರದವಳನ್ನು ನಡುರಾತ್ರಿ ಲಾಟೀನು ಹಿಡಿದು ಕರೆಯಲು ಬರುತ್ತಿದ್ದರು. ಒಳಮನೆಗೆ, ಕತ್ತಲ ಕೋಣೆಗೆ, ಗೌಡತಿಯ ತೊಡೆಯ ನಡುವೆ ಅವಳ ಕೈಗೆ ದಾರಿ ಇತ್ತು. ಕೂಸಿನ ತಲೆ ಹಿಡಿದವಳು ಅವಳು, ಹೊಕ್ಕುಳಬಳ್ಳಿ ಕೊಯ್ದವಳು ಅವಳು, ಕಸ ಬೀಳುವ ತನಕ ಕಾದು ಅದನ್ನು ಹೂತು ಬಂದವಳು ಅವಳು. ಹೆತ್ತವಳಿಗೂ ಕೂಸಿಗೂ ನೀರೆರೆದಾದ ಮೇಲೆ, ಮನೆ ಸಾರಿಸಿ ಮಡಿಯಾದ ಮೇಲೆ, ಅದೇ ಕೈ ಮತ್ತೆ ಮುಟ್ಟಬಾರದ ಕೈ. ಮೊರದಲ್ಲಿ ಅಕ್ಕಿ, ಎಲೆಅಡಿಕೆ, ಹಳೆ ಸೀರೆ. ಕೂಲಿ ಅಂತ ಕೇಳುವ ಹಾಗಿಲ್ಲ, ಅದು 'ಪದ್ಧತಿ'. ಅವಳ ಕೈಯಲ್ಲಿ ಭೂಮಿಗೆ ಬಂದ ಕೂಸು ನಾಳೆ ದೊಡ್ಡದಾಗಿ ಅವಳನ್ನು ಏಕವಚನದಲ್ಲಿ ಕೂಗುತ್ತದೆ.

ಪರಂಪರೆ ಎಂದು ಇವತ್ತು ಹೊಗಳುವವರು ಈ ಅರ್ಧವನ್ನು ಹೇಳುವುದಿಲ್ಲ. ಸೂಲಗಿತ್ತಿಯ ವಿದ್ಯೆ ದೊಡ್ಡದು, ಅದರ ಬಗ್ಗೆ ನಮಗೆ ಅನುಮಾನ ಇಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂಸು ಅಡ್ಡವೋ ನೆಟ್ಟಗೋ ಹೇಳುವುದು, ಬೇನೆ ಸುಳ್ಳೋ ನಿಜವೋ ತಿಳಿಯುವುದು, ಹೆದರಿದ ಚೊಚ್ಚಲು ಹೆಂಗಸಿಗೆ "ಆತು ಕಣವ್ವ, ಇನ್ನೊಂಚೂರು" ಅಂತ ಬೆನ್ನು ನೀವುತ್ತ ರಾತ್ರಿ ಕಳೆಯುವುದು, ಇದೆಲ್ಲ ಅಕ್ಷರವಿಲ್ಲದೆ ಕೈಯಿಂದ ಕೈಗೆ ಬಂದ ಜ್ಞಾನ. ಆದರೆ ಆ ಜ್ಞಾನವನ್ನು ನಮ್ಮ ಅಜ್ಜಿಯರ ತಲೆಗೆ ಕಟ್ಟಿದ್ದು ಮೈಲಿಗೆಯ ನೇಮ. ಗೌರವದಿಂದ ಕೊಟ್ಟ ಕೆಲಸ ಬೇರೆ, ಹೇಸಿ ತಳ್ಳಿದ ಕೆಲಸ ಬೇರೆ. ತಳ್ಳಿದ ಕೆಲಸದಲ್ಲೂ ನಮ್ಮವರು ವಿದ್ಯೆ ಕಟ್ಟಿದರು ಎಂಬುದು ಅವರ ಹೆಚ್ಚುಗಾರಿಕೆ. ಅದರ ಕೀರ್ತಿ ಆ ವ್ಯವಸ್ಥೆಗೆ ಸಲ್ಲಬಾರದು.

*

ಈಗ ಮುಟ್ಟದ ಕೈಯ ಕಡೆ ನೋಡೋಣ. ಬಾಬಾಸಾಹೇಬ ಅಂಬೇಡ್ಕರರು 'ವೀಸಾಗಾಗಿ ಕಾಯುತ್ತ' ಎಂದು ಕನ್ನಡದಲ್ಲಿ ಹೇಳಬಹುದಾದ ತಮ್ಮ ಬರಹದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಮೇಷ್ಟರ ಕಾಗದವನ್ನು ಸೇರಿಸಿದ್ದಾರೆ. ಅದು 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಮೇಷ್ಟರ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರುವುದಿಲ್ಲ ಅಂದ. ಊರ ದೊಡ್ಡವನನ್ನು ಹಿಡಿದು ಬೇಡಿಕೊಂಡ ಮೇಲೆ, ರೋಗಿಯನ್ನು ಕೇರಿಯ ಹೊರಗೆ ತಂದರೆ ನೋಡುತ್ತೇನೆ ಅಂತ ಒಪ್ಪಿದ. ಹಸಿ ಬಾಣಂತಿಯನ್ನು ಕೂಸಿನ ಸಮೇತ ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ವಾಪಸು ಬಂದದ್ದೂ ಅದೇ ದಾರಿಯಲ್ಲಿ. ದೀಪದ ಬೆಳಕಿನಲ್ಲಿ ಗಾಜಿನ ಕಡ್ಡಿ ನೋಡಿ ನ್ಯುಮೋನಿಯಾ ಅಂತ ಹೇಳಿ ಹೋದ. ಮತ್ತೆ ಕರೆದರೆ ಬರಲಿಲ್ಲ. ಆಕೆ ಸತ್ತಳು.

ಇದನ್ನು ನಮ್ಮ ಶಾಲೆಗಳಲ್ಲಿ ಪಾಠವಾಗಿ ಇಡಬೇಕು. ಇದರಲ್ಲಿ ಡಾಕ್ಟರ ಬಳಿ ವಿದ್ಯೆ ಇತ್ತು, ಔಷಧ ಇತ್ತು, ಕೈ ಮಾತ್ರ ಇರಲಿಲ್ಲ. ಅದೇ ಕಾಲಕ್ಕೆ ಇದೇ ದೇಶದ ಸಾವಿರಾರು ಮೇಲ್ಜಾತಿ ಮನೆಗಳಲ್ಲಿ ದಲಿತ ಸೂಲಗಿತ್ತಿಯ ಕೈ ಕೂಸುಗಳನ್ನು ಈಚೆ ತೆಗೆಯುತ್ತಿತ್ತು. ನಮ್ಮ ಕೈ ಅವರ ಹೆರಿಗೆಗೆ ಬೇಕು, ಅವರ ಕೈ ನಮ್ಮ ಹೆರಿಗೆಗೆ ಸಿಗದು. ಹೆರಿಗೆಯ ಇತಿಹಾಸವನ್ನು ನಾವು ಇಲ್ಲಿಂದ ಬರೆಯಬೇಕು. ಇದೇ ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕೂಲಿ ಹೆಂಗಸರ ಹೆರಿಗೆ ಭತ್ಯೆಯ ಮಸೂದೆಯನ್ನು ಬೆಂಬಲಿಸಿ ಮಾತಾಡಿದವರು. ಹೆರುವುದು ಮನೆಯೊಳಗಿನ ಗುಟ್ಟಲ್ಲ, ದೇಶವೂ ಮಾಲೀಕನೂ ಲೆಕ್ಕ ಕೊಡಬೇಕಾದ ಕೆಲಸ ಎಂಬುದು ನಮಗೆ ಅವರಿಂದ ಬಂದ ತಿಳಿವಳಿಕೆ.

ಈ ಕಾರಣಕ್ಕೆ ಆಸ್ಪತ್ರೆ ನಮಗೆ ಬರಿಯ ಕಟ್ಟಡವಲ್ಲ. ಡಾಕ್ಟರ ಕೈ ನಮ್ಮನ್ನು ಮುಟ್ಟಲೇಬೇಕು ಎಂದು ಸಂವಿಧಾನದ 17ನೆಯ ವಿಧಿ ಹೇಳುವ ಜಾಗ ಅದು. ಆ ಹಕ್ಕನ್ನು 'ಮನೆಯೇ ಚೆಂದ' ಎಂಬ ಹಾಡಿಗೆ ಮಾರಿಕೊಳ್ಳಲು ನಾವು ತಯಾರಿಲ್ಲ.

*

ಮನೆ ಎಂದರೆ ಯಾವ ಮನೆ ಎಂದೂ ಕೇಳಬೇಕು. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಕೂಸನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಟ್ಟರು. ಮಳೆ, ಚಳಿ. ಕೂಸು ಸತ್ತಿತು. ಅಲ್ಲಿ ಮನೆಯೇ ಹೆತ್ತವಳನ್ನು ಹೊರಗೆ ಹಾಕಿತ್ತು. 'ಮನೆ ಹೆರಿಗೆ'ಯ ಭಕ್ತರು ಈ ಗುಡಿಸಲ ಮುಂದೆ ನಿಂತು ತಮ್ಮ ಮಾತನ್ನು ಇನ್ನೊಮ್ಮೆ ಹೇಳಲಿ.

ಸಾವಿನ ಲೆಕ್ಕವನ್ನು ಮರೆಮಾಚಿ ಕ್ರಾಂತಿ ಮಾಡಲಾಗದು. 2001-03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಹುಟ್ಟಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ. ಇಳಿದ ಸಾವಿಗೆ ಆಸ್ಪತ್ರೆಯೊಂದೇ ಕಾರಣವಲ್ಲ; ರಸ್ತೆ, ಶಾಲೆ, ಮದುವೆಯ ವಯಸ್ಸು, 2008ರಲ್ಲಿ ಬಂದ 108ರ ಗಾಡಿ ಎಲ್ಲ ಸೇರಿವೆ. ಆದರೆ ಹೆತ್ತ ಮೇಲೆ ನಿಲ್ಲದ ರಕ್ತಕ್ಕೆ, ನಂಜೇರಿ ಬರುವ ಸೆಳೆತಕ್ಕೆ, ಅಡ್ಡ ನಿಂತ ಕೂಸಿಗೆ ಗುಡಿಸಲಲ್ಲಿ ಮದ್ದಿಲ್ಲ. ಎಂಥ ಕೈಗುಣದ ಸೂಲಗಿತ್ತಿಯೂ ತನ್ನ ಮೈಯ ರಕ್ತವನ್ನು ಹೆರುವವಳಿಗೆ ಹರಿಸಲಾರಳು. ಕುಡುಗೋಲಲ್ಲಿ ಬಳ್ಳಿ ಕೊಯ್ದು ಧನುರ್ವಾಯು ಬಂದು ಸತ್ತ ಕೂಸುಗಳನ್ನು 'ದೇವರು ಕೊಟ್ಟ, ದೇವರು ಒಯ್ದ' ಅಂತ ಹೂತು ಬಂದ ಕೇರಿಗಳು ನಮ್ಮವು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಈ ದೇಶ ಮಟ್ಟಹಾಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ, ಮೊನ್ನೆಮೊನ್ನೆ. ಒಂದು ಸೂಜಿ, ಒಂದು ಹೊಸ ಬ್ಲೇಡು ಎಷ್ಟು ಜೀವ ಉಳಿಸಿದವು ಎಂಬುದನ್ನು ಮರೆತವರು ಮಾತ್ರ ಹಳೆಯದೆಲ್ಲ ಹೊನ್ನು ಅಂದಾರು.

*

ಹಾಗಾದರೆ ಆಸ್ಪತ್ರೆಯೇ ದೇವಸ್ಥಾನವೇ? ದೇವಸ್ಥಾನವೇ ಸರಿ, ಬಾಗಿಲಲ್ಲಿ ತಡೆಯುವುದರಲ್ಲಿ. 2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾಸ್ಪತ್ರೆಗೆ ಬೇನೆ ಹತ್ತಿದ ತಮಿಳು ಮಾತಿನ ಬಡ ಹೆಂಗಸೊಬ್ಬಳು ಬಂದಳು. ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಅಂತ ಸೇರಿಸಿಕೊಳ್ಳಲಿಲ್ಲ. ಬಾಡಿಗೆ ಮನೆಗೆ ವಾಪಸಾದಳು. ಅಲ್ಲೇ ಹೆತ್ತಳು, ಅವಳಿ ಕೂಸುಗಳ ಜೊತೆ ಸತ್ತಳು. ಆಮೇಲೆ ಡಾಕ್ಟರು, ನರ್ಸುಗಳ ಅಮಾನತು ಆಯಿತು. ಇದನ್ನು ಲೆಕ್ಕದಲ್ಲಿ 'ಮನೆ ಹೆರಿಗೆಯ ಸಾವು' ಅಂತ ಬರೆಯುತ್ತಾರೋ, 'ಆಸ್ಪತ್ರೆಯ ಸಾವು' ಅಂತ ಬರೆಯುತ್ತಾರೋ? ಆ ಮನೆಯನ್ನು ಅವಳು ಆರಿಸಿಕೊಂಡಿರಲಿಲ್ಲ. ಥರ್ಮಾಮೀಟರು ಕೈ ಬದಲಾಯಿಸಿದ ಕಾಲದಿಂದ ಕಾರ್ಡು ಕೇಳುವ ಕಾಲಕ್ಕೆ ಬಂದಿದ್ದೇವೆ. ಮುಟ್ಟದಿರಲು ಬೇಕಾದ ನೆಪ ಮಾತ್ರ ಬದಲಾಗಿದೆ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಅವರ ನರಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ಪಿನ ಮೇಲೆ ಸರಕಾರಕ್ಕೇ ಅನುಮಾನ ಬಂದು ಅದರ ಬಳಕೆ ನಿಲ್ಲಿಸಬೇಕಾಯಿತು. ಬಾಗಿಲು ದಾಟಿ ಒಳಗೆ ಹೋದವರ ಪಾಡು ಇದು. ಅದೇ 2018-20ರ ಲೆಕ್ಕದಲ್ಲಿ ಕೇರಳದಲ್ಲಿ ಲಕ್ಷಕ್ಕೆ 19 ತಾಯಂದಿರು ಸತ್ತರೆ ನಮ್ಮಲ್ಲಿ 69. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ನೂರಕ್ಕೆ 97 ಹೆಂಗಸರನ್ನು ಆಸ್ಪತ್ರೆಗೆ ತಂದೆವು ಅಂತ ಬೆನ್ನು ತಟ್ಟಿಕೊಳ್ಳುವ ಸರಕಾರ, ತಂದವರನ್ನು ಏನು ಮಾಡಿತು ಎಂದು ಹೇಳಬೇಕು.

ಒಳಗಿನ ಮಾತು ನಮ್ಮ ಹೆಂಗಸರಿಗೆಲ್ಲ ಗೊತ್ತು. ಕೂಗಿದರೆ "ಗಂಡನ ಹತ್ರ ಹೋಗುವಾಗ ಗೊತ್ತಾಗಲಿಲ್ವೇನೇ" ಅಂತ ಬೈಗುಳ. ಕಾಲು ಕೂಡಿಸಿದರೆ ತೊಡೆಯ ಮೇಲೆ ಏಟು. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ಆಯಾಗೆ, ವಾರ್ಡ್ ಬಾಯ್‌ಗೆ ದಕ್ಷಿಣೆ. ಒಂದು ಮಂಚಕ್ಕೆ ಇಬ್ಬರು. ನಮ್ಮ ಅಕ್ಕತಂಗಿಯರು ಇದನ್ನು ನಗುತ್ತ ಹೇಳುತ್ತಾರೆ, ಯಾಕೆಂದರೆ ಅತ್ತು ಹೇಳಿದರೆ ಕೇಳುವವರಿಲ್ಲ. ಸೂಲಗಿತ್ತಿ ಬೆನ್ನು ನೀವುತ್ತಿದ್ದಳು, ನರ್ಸಮ್ಮ ಬೈಯುತ್ತಾಳೆ ಎಂಬುದು ಬರೀ ಹಳಹಳಿಕೆಯಲ್ಲ, ಟೀಕೆ. ಆ ನರ್ಸಮ್ಮ ಕೂಡ ಒಂದು ರಾತ್ರಿಗೆ ಎಷ್ಟು ಮಂಚ ನೋಡಬೇಕು, ಅವಳ ಸಂಬಳ ಎಷ್ಟು, ಅವಳು ಖಾಯಮ್ಮೋ ಗುತ್ತಿಗೆಯೋ ಎಂದು ಕೇಳಿದಾಗಲೇ ಈ ಟೀಕೆ ಪೂರ್ತಿಯಾಗುವುದು.

ಇನ್ನು ಕತ್ತರಿಯ ವ್ಯಾಪಾರ. ಹೆರಿಗೆಯಲ್ಲಿ ನೂರಕ್ಕೆ 10ರಿಂದ 15ರಷ್ಟು ಮಾತ್ರ ಹೊಟ್ಟೆ ಕೊಯ್ಯುವ ಅಗತ್ಯ ಬೀಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲೇ ಹೇಳಿತ್ತು. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಇದು ನೂರಕ್ಕೆ 31 ದಾಟಿದೆ. ದೇಶದ ಲೆಕ್ಕ ನೋಡಿದರೆ ಸರಕಾರಿ ಆಸ್ಪತ್ರೆಯಲ್ಲಿ ನೂರಕ್ಕೆ 14, ಖಾಸಗಿಯಲ್ಲಿ 47. ದುಡ್ಡಿದ್ದವಳ ಹೊಟ್ಟೆಗೆ ಬೇಡದ ಕತ್ತರಿ, ದುಡ್ಡಿಲ್ಲದವಳಿಗೆ ಬೇಕಾದ ಹೊತ್ತಲ್ಲೂ ಸಿಗದ ಕತ್ತರಿ. ಬಂಡವಾಳ ಹೆರಿಗೆ ಕೋಣೆಗೆ ಕಾಲಿಟ್ಟರೆ ಹೀಗೇ ಆಗುವುದು.

ವಿಜ್ಞಾನ ಎಂದರೆ ದೊಡ್ಡ ಕಟ್ಟಡ ಎಂದು ತಿಳಿದವರಿಗೆ ವಿಯೆನ್ನಾ ನಗರದ ಒಂದು ಸಂಗತಿ ಹೇಳಬೇಕು. 1840ರ ದಶಕದಲ್ಲಿ ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರುಗಳು, ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿ ಜ್ವರದಿಂದ ಸಾಯುವವರು ಡಾಕ್ಟರುಗಳ ವಾರ್ಡಲ್ಲೇ ಬಹಳ ಹೆಚ್ಚು. ತಮ್ಮನ್ನು ಸೂಲಗಿತ್ತಿಯರ ಕಡೆಗೆ ಹಾಕಿ ಅಂತ ಹೆಂಗಸರು ಕಾಲು ಹಿಡಿಯುತ್ತಿದ್ದರು. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಾರೆ ಎಂದು ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕಂಡುಹಿಡಿದು, 1847ರಲ್ಲಿ ಕ್ಲೋರಿನ್ ನೀರಲ್ಲಿ ಕೈ ತೊಳೆಯಿಸಿದ. ಸಾವು ಥಟ್ಟನೆ ಇಳಿಯಿತು. ದೊಡ್ಡವರಿಗೆ ಅದು ಹಿಡಿಸಲಿಲ್ಲ. ತಮ್ಮ ಕೈ ಕೊಳೆ ಅಂತ ಯಾವ ದೊಡ್ಡವರು ಒಪ್ಪಿಯಾರು? ವಿಜ್ಞಾನ ಇದ್ದದ್ದು ಆ ಕೈ ತೊಳೆದ ನೀರಿನಲ್ಲಿ, ಪ್ರಶ್ನೆ ಕೇಳಿದ ಧೈರ್ಯದಲ್ಲಿ.

*

ನಮ್ಮ ಸರಕಾರ ಸೂಲಗಿತ್ತಿಗೆ ಏನು ಮಾಡಿತು ಎಂಬುದೂ ಒಂದು ಕತೆ. 1977ರ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಸಾವಿರ ಜನಕ್ಕೆ ಒಬ್ಬ ದಾಯಿಗೆ ತರಬೇತಿ ಅಂದರು. ಪೆಟ್ಟಿಗೆ ಕೊಟ್ಟರು, ದಾರ ಬ್ಲೇಡು ಕೊಟ್ಟರು. ಸಂಬಳ ಕೊಡಲಿಲ್ಲ, ಹುದ್ದೆ ಕೊಡಲಿಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ಹೇಳಿಕೆ ಬಂತು: ತರಬೇತಿಯಾಗಿರಲಿ ಬಿಡಲಿ, ಊರ ಸೂಲಗಿತ್ತಿ 'ಕುಶಲ' ಹೆರಿಗೆಯವಳಲ್ಲ. 2005ರಲ್ಲಿ ಜನನಿ ಸುರಕ್ಷಾ ಬಂತು, ಆಶಾ ಬಂದಳು. ಆಶಾ ಆಗಬೇಕಾದರೆ ಎಂಟನೇ ಕ್ಲಾಸು ಓದಿರಬೇಕು, 25ರಿಂದ 45 ವಯಸ್ಸಾಗಿರಬೇಕು ಎಂಬ ನಿಯಮ. ನಮ್ಮ ಸೂಲಗಿತ್ತಿಯರನ್ನು ಯಾವ ಕಾಲದಲ್ಲಿ ಯಾರು ಎಂಟನೇ ಕ್ಲಾಸಿನ ತನಕ ಓದಿಸಿದ್ದರು? ಶಾಲೆಯ ಬಾಗಿಲು ಮುಚ್ಚಿದವರೇ ಶಾಲೆಯ ಸರ್ಟಿಫಿಕೇಟು ಕೇಳಿದರು. ಜನನಿ ಸುರಕ್ಷಾದ ಕಾಸಿಗೂ ನಮ್ಮಂಥ ರಾಜ್ಯದಲ್ಲಿ ಎರಡೇ ಹೆರಿಗೆ, ಹತ್ತೊಂಬತ್ತು ದಾಟಿರಬೇಕು ಎಂಬ ಷರತ್ತಿತ್ತು. ಯಾರಿಗೆ ಅಪಾಯ ಹೆಚ್ಚೋ ಅವರೇ ಹೊರಗೆ! 2013ರಲ್ಲಷ್ಟೇ ಆ ಷರತ್ತನ್ನು ತೆಗೆದರು.

ಹೆಸರುಗಳನ್ನು ಮಾತ್ರ ಎಷ್ಟು ಸಿಹಿಯಾಗಿ ಇಟ್ಟಿದ್ದಾರೆ ನೋಡಿ: ಮಡಿಲು, ತಾಯಿ ಭಾಗ್ಯ, ಪ್ರಸೂತಿ ಆರೈಕೆ, ನಗು ಮಗು, ಮಾತೃಪೂರ್ಣ. ಕನ್ನಡ ನಾಡಿಗೆ ತಾಯಿಯ ಹುಚ್ಚು ಬಹಳ. ನುಡಿಗೆ ತಾಯಿ, ನದಿಗೆ ತಾಯಿ, ನೆಲಕ್ಕೆ ತಾಯಿ. ಕಾವ್ಯವೂ ಅವ್ವನನ್ನು ಬೇಕಾದಷ್ಟು ಹಾಡಿದೆ. ಆದರೆ ಅವ್ವ ನೆಲದ ಮೇಲೆ ಹೆತ್ತಳೋ, ಮಂಚದ ಮೇಲೋ, ಬಸ್‌ಸ್ಟಾಂಡಲ್ಲೋ ಎಂದು ಕೇಳುವ ಪದ್ಯ ಅಪರೂಪ. ಅವಳ ಮೊಣಕಾಲು ಹಿಡಿದು ಕೂತ ಹೆಂಗಸಿನ ಹೆಸರು ಕೇಳುವ ಪದ್ಯ ಇನ್ನೂ ಅಪರೂಪ. ಗರ್ಭಿಣಿಯರಲ್ಲಿ ನೂರಕ್ಕೆ 45ರಷ್ಟು ಮಂದಿ ರಕ್ತಹೀನರಾಗಿರುವ ರಾಜ್ಯದಲ್ಲಿ ತಾಯಿ ಎಂಬ ಮಾತು ಇಷ್ಟು ಕೊಬ್ಬಿರುವುದೇ ನಮ್ಮ ಸಂಸ್ಕೃತಿಯ ರೋಗಲಕ್ಷಣ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯೋಣ. ಅಜ್ಜಿಯಿಂದ ಕಲಿತ ವಿದ್ಯೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ಕೇಳಲಿಲ್ಲ ಅಂತ ಪತ್ರಿಕೆಗಳು ಬರೆದವು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಆ ತಾಯಿಯ ಬಗ್ಗೆ ನಮಗೆ ಇರುವುದು ಬರೀ ಗೌರವ. ಪ್ರಶ್ನೆ ಇರುವುದು ಪ್ರಶಸ್ತಿ ಕೊಟ್ಟವರಿಗೆ. ಆ ವಿದ್ಯೆಯನ್ನು 'ಕುಶಲ'ವಲ್ಲ ಎನ್ನುವ ನೀತಿಯನ್ನೇ ಇಟ್ಟುಕೊಂಡು ಪದಕವನ್ನೂ ಕೊರಳಿಗೆ ಹಾಕಿದರು. ಪದ್ಮಶ್ರೀ ಬಂದದ್ದು ಒಬ್ಬರಿಗೆ. ಪಿಂಚಣಿ ಬರಬೇಕಾದ್ದು ಸಾವಿರಾರು ಮಂದಿಗೆ. ಒಬ್ಬರಿಗೆ ಹಾರ ಹಾಕಿ ಉಳಿದವರನ್ನು ಮರೆಯುವುದು ಈ ವ್ಯವಸ್ಥೆಯ ಹಳೆಯ ಚಾಳಿ. 'ದುಡ್ಡು ಕೇಳಲಿಲ್ಲ' ಎಂಬ ಹೊಗಳಿಕೆಯಲ್ಲೂ ವಿಷ ಇದೆ. ಡಾಕ್ಟರ ಫೀಜು ಹಕ್ಕು, ಸೂಲಗಿತ್ತಿಯ ಕೂಲಿ ಮಾತ್ರ ಆಸೆಬುರುಕತನವೇ?

ಈಚೆಗೆ ದೊಡ್ಡ ಪಟ್ಟಣಗಳಲ್ಲಿ 'ಸಹಜ ಹೆರಿಗೆ'ಯ ಕೇಂದ್ರಗಳು ಬಂದಿವೆ. ಬೆಚ್ಚನೆ ನೀರಿನ ತೊಟ್ಟಿ, ಮಂದ ದೀಪ, ಸರ್ಟಿಫಿಕೇಟು ಪಡೆದ ಮಿಡ್‌ವೈಫು. ಅಲ್ಲಿ ಕುಕ್ಕರುಗಾಲಲ್ಲಿ ಕೂತು ಹೆರಬಹುದು, ಓಡಾಡಬಹುದು, ಜೊತೆಗೆ ತಮ್ಮವರು ಇರಬಹುದು. ನಮ್ಮ ಅಜ್ಜಿಯರು ಗೋಡೆಗೆ ಒರಗಿ, ಸೂರಿಗೆ ಕಟ್ಟಿದ ಹಗ್ಗ ಹಿಡಿದು ಹೆತ್ತದ್ದೂ ಹಾಗೇ. ನಮ್ಮವರು ಮಾಡಿದಾಗ ಅದು ಅನಾಗರಿಕ, ದುಡ್ಡು ಕೊಟ್ಟು ಕೊಂಡಾಗ ಸಹಜ! ಇವರ ಹಿಂದೆ ಆಪರೇಷನ್ ಕೋಣೆ, ಆಂಬುಲೆನ್ಸು ಕಾದು ನಿಂತಿರುತ್ತವೆ ಎಂಬುದನ್ನು ಮರೆಯಬಾರದು. ಆ ಬೆನ್ನಾಸರೆ ಇಲ್ಲದ 'ಸಹಜತೆ' ಏನು ಮಾಡುತ್ತದೆ ಎಂಬುದನ್ನು 2018ರ ಜುಲೈನಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಕಂಡೆವು. ಓದಿದ ದಂಪತಿಗಳು ಯೂಟ್ಯೂಬಿನ ವಿಡಿಯೋ ನೋಡಿಕೊಂಡು ಮನೆಯಲ್ಲೇ ಹೆರಿಗೆ ಮಾಡಲು ಹೋಗಿ, ರಕ್ತ ಹರಿದು ತಾಯಿ ಸತ್ತಳು. ಅಲ್ಲಿ ಡಾಕ್ಟರೂ ಇರಲಿಲ್ಲ, ಸೂಲಗಿತ್ತಿಯೂ ಇರಲಿಲ್ಲ.

*

ನಮ್ಮ ನಿಲುವನ್ನು ಬಿಡಿಸಿ ಹೇಳುತ್ತೇವೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ರಕ್ತ ಇರುವ ಕಡೆ, ಔಷಧಿ ಇರುವ ಕಡೆ, ಡಾಕ್ಟರ ಕೈ ಎಟುಕುವ ಕಡೆ. ಆದರೆ ಸೂಲಗಿತ್ತಿಯನ್ನು ಗೇಟಿನ ಹೊರಗೆ ನಿಲ್ಲಿಸಿದ ಆಸ್ಪತ್ರೆ ನಮಗೆ ಅರ್ಧ ಆಸ್ಪತ್ರೆ. ಹೆರುವವಳ ಜೊತೆ ಅವಳಿಗೆ ಬೇಕಾದ ಒಬ್ಬ ಹೆಂಗಸು ಹೆರಿಗೆ ಕೋಣೆಯೊಳಗೆ ಇರಬಹುದು ಎಂದು ಕೇಂದ್ರ ಸರಕಾರವೇ 2016ರಲ್ಲಿ ಹೇಳಿದೆ. ಎಷ್ಟು ಆಸ್ಪತ್ರೆಗಳಲ್ಲಿ ಒಳಗೆ ಬಿಡುತ್ತಾರೆ? ಊರ ಸೂಲಗಿತ್ತಿಯನ್ನು ಆ ಜಾಗದಲ್ಲಿ, ದಿನಗೂಲಿ ಕೊಟ್ಟು, ಕುರ್ಚಿ ಕೊಟ್ಟು ಕೂರಿಸಲಿ. ಬೆನ್ನು ನೀವುವ ಕೈ ಅವಳದಾಗಲಿ, ರಕ್ತ ನಿಲ್ಲಿಸುವ ಕೈ ಡಾಕ್ಟರದಾಗಲಿ. ಕೇಂದ್ರ ಸರಕಾರ 2018ರಲ್ಲಿ ಮಿಡ್‌ವೈಫರಿಯ ಹೊಸ ಮಾರ್ಗಸೂಚಿ ತಂದು ನರ್ಸುಗಳಿಗೆ 18 ತಿಂಗಳ ತರಬೇತಿ ಅಂದಿದೆ. ಒಳ್ಳೆಯದು. ಆ ತರಬೇತಿಯಲ್ಲಿ ಸೂಲಗಿತ್ತಿಯರ ಮೊಮ್ಮಕ್ಕಳಿಗೆ ಎಷ್ಟು ಸೀಟು ಎಂಬುದು ನಮ್ಮ ಪ್ರಶ್ನೆ. ಮೈಲಿಗೆಯಾಗಿದ್ದಾಗ ನಮ್ಮ ಪಾಲಿಗೆ ಬಂದ ಕೆಲಸ, ಸಂಬಳದ ಹುದ್ದೆಯಾದ ದಿನ ಇನ್ನೊಬ್ಬರ ಪಾಲಾಗಬಾರದು.

ಹಳ್ಳಿಯ ಮೇಷ್ಟರು ಮೇಡಮ್ಮರು, ಹಾಸ್ಟೆಲಿನ ಗೆಳೆಯ ಗೆಳತಿಯರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ನಿಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೊತ್ತು ನರ್ಸು ಇರುತ್ತಾರೋ, ಹೆರಿಗೆ ಕೋಣೆಯಲ್ಲಿ ನೀರು ಬರುತ್ತದೋ, ಕಾರ್ಡಿಲ್ಲದವಳನ್ನು ಸೇರಿಸಿಕೊಳ್ಳುತ್ತಾರೋ ಹೋಗಿ ನೋಡಿ. ಬರೆದಿಟ್ಟುಕೊಳ್ಳಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ. ನಿಮ್ಮ ಊರಲ್ಲಿ ಇನ್ನೂ ಬದುಕಿರುವ ಸೂಲಗಿತ್ತಿಯ ಹತ್ತಿರ ಕೂತು ಅವಳ ವಿದ್ಯೆಯನ್ನು ಅವಳ ಮಾತಲ್ಲೇ ಬರೆದುಕೊಳ್ಳಿ. ಅವಳಿಗೆ ವೃದ್ಧಾಪ್ಯ ವೇತನ ಬರುತ್ತಿದೆಯೋ ಇಲ್ಲವೋ ಅದನ್ನು ಮೊದಲು ಕೇಳಿ. ಹೆರಿಗೆಯ ಮಾತು ಆಮೇಲೆ.